ಊರ ಗಂಡಸರಿಗೆ ಹನ್ನೆರಡು ವಾರ

ಗ್ಲಾಸ್ಗೊ

ಪ್ರೀತಿಯ ರಮೇಶ,

ಅಪ್ಪ ಅಮ್ಮನಿಗೆ ನಮಸ್ಕಾರ. ಯುವಕ ಸಂಘದಿಂದ ಊರ ಗಂಡಸರ ಹೊಟ್ಟೆ ಕರಗಿಸುವ ಕೆಲಸ ಶುರು ಮಾಡಬೇಕು, ಅಲ್ಲಿ ಹೇಗೆ ಮಾಡುತ್ತಾರೆ ಬರಿ ಅಂದಿದ್ದೆಯಲ್ಲ, ಇದೋ.

ಇಲ್ಲಿಯದರ ಹೆಸರು ‘ಫುಟ್‌ಬಾಲ್ ಫ್ಯಾನ್ಸ್ ಇನ್ ಟ್ರೈನಿಂಗ್’. ಗ್ಲಾಸ್ಗೊ ವಿಶ್ವವಿದ್ಯಾಲಯದವರೂ ಸ್ಕಾಟ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳೂ ಸೇರಿ 2010ರಲ್ಲಿ ಆರಂಭಿಸಿದ್ದು. ತೂಕ ಇಳಿಸುವ ಕ್ಲಾಸು ಅಂದರೆ ಗಂಡಸರು ಆ ಕಡೆ ತಲೆ ಹಾಕುವುದಿಲ್ಲ. ತಮ್ಮ ತಂಡದ ಸ್ಟೇಡಿಯಮ್ಮಿನೊಳಗೆ ಕರೆದರೆ ಬರುತ್ತಾರೆ. ಆರಂಭದಲ್ಲಿ ಸೇರಿಸಿಕೊಂಡದ್ದು 35ರಿಂದ 65 ವಯಸ್ಸಿನವರನ್ನು, ವಾರಕ್ಕೊಂದು ದಿನ 90 ನಿಮಿಷ, ಒಟ್ಟು 12 ವಾರ. ನಡೆಸುವವರು ಡಾಕ್ಟರಲ್ಲ, ಕ್ಲಬ್ಬಿನ ಕೋಚ್. ಮೊದಲ ವಾರಗಳಲ್ಲಿ ಮಾತು ಹೆಚ್ಚು, ಬರಬರುತ್ತಾ ವ್ಯಾಯಾಮ ಹೆಚ್ಚು. 13 ಕ್ಲಬ್ಬುಗಳಲ್ಲಿ 747 ಗಂಡಸರ ಮೇಲೆ ಪರೀಕ್ಷಿಸಿ 2014ರಲ್ಲಿ ‘ಲಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು: ವರ್ಷದ ಕೊನೆಗೆ, ಇನ್ನೂ ಕ್ಲಾಸು ಸಿಗದೆ ಸರದಿಗೆ ಕಾದು ಕೂತವರಿಗಿಂತ ಇವರು ಸುಮಾರು 5 ಕಿಲೊ ಹೆಚ್ಚು ಇಳಿದಿದ್ದರು.

ನಮ್ಮೂರಲ್ಲಿ ಸ್ಟೇಡಿಯಂ ಎಲ್ಲಿದೆ ಅನ್ನಬೇಡ. ಬೆಳಿಗ್ಗೆ ಸಂಜೆ ಹಾಲು ಹಾಕಲು ಎಲ್ಲರೂ ಡೇರಿಗೆ ಬರುತ್ತಾರಲ್ಲ, ಅಲ್ಲೇ ಶುರು ಮಾಡು. ‘ಆರೋಗ್ಯ ಶಿಬಿರ’ ಅಂತ ಬ್ಯಾನರ್ ಮಾತ್ರ ಕಟ್ಟಬೇಡ.

ಮೊದಲು ಬಿ.ಪಿ. ನೋಡಿಸು. 160/100 ದಾಟಿದವರು ಡಾಕ್ಟರ್ ಒಪ್ಪುವ ತನಕ ಜೋರು ವ್ಯಾಯಾಮ ಮಾಡಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ನಡೆದರೆ ಸಕ್ಕರೆ ಕುಸಿದು ಬೀಳಬಹುದು. ಅವರೂ ಮೊದಲೇ ಡಾಕ್ಟರನ್ನು ಕೇಳಲಿ. ಸೊಂಟ ಅಳೆಯುವಾಗ ಟೇಪು ಪಂಚೆ ಗಂಟಿನ ಮೇಲೆ ಬೇಡ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆಯಬೇಕು. ನಮ್ಮವರಿಗೆ 90 ಸೆಂ.ಮೀ. ದಾಟಿದರೆ ಎಚ್ಚರಿಕೆ.

ನಡಿಗೆಯ ವಿಷಯದಲ್ಲೇ ಹೆಚ್ಚು ಕೆಡುವುದು. ಮೊದಲ ವಾರ ಯಾರೂ ಜಾಸ್ತಿ ನಡೆಯಬಾರದು, ಎಂದಿನ ಹೆಜ್ಜೆ ಎಷ್ಟು ಅಂತ ಎಣಿಸಬೇಕು ಅಷ್ಟೆ. ಮೊಬೈಲನ್ನು ಗದ್ದೆ ಬದುವಿನ ಮೇಲಿಟ್ಟು ಕೆಲಸ ಮಾಡಿದರೆ ಲೆಕ್ಕ ಸಿಗುವುದಿಲ್ಲ, ಜೇಬಲ್ಲೇ ಇರಲಿ. ಆಮೇಲೆ ವಾರವಾರ ದಿನದ ಲೆಕ್ಕಕ್ಕೆ ಸಾವಿರ ಹೆಜ್ಜೆ ಸೇರಿಸುತ್ತಾ ಹೋಗಲಿ. ಪಕ್ಕದವನ ಜೊತೆ ಪೈಪೋಟಿಗೆ ಬಿದ್ದು ಮೊದಲ ದಿನವೇ ಹತ್ತು ಸಾವಿರ ಹೊಡೆದವನು ಮೊಣಕಾಲು ಹಿಡಿದುಕೊಂಡು ಕೂರುತ್ತಾನೆ, ಮತ್ತೆ ಬರುವುದಿಲ್ಲ. ಹವಾಯಿ ಚಪ್ಪಲಿಯಲ್ಲಿ ಬಿರುನಡಿಗೆ ಬೇಡ.

ಊಟದಲ್ಲಿ ಇಲ್ಲಿಯ ಗುರಿ ದಿನಕ್ಕೆ 600 ಕ್ಯಾಲೊರಿ ಕಡಿತ. ನಮ್ಮ ಲೆಕ್ಕದಲ್ಲಿ: 100 ಗ್ರಾಂ ಹಿಟ್ಟಿನ ಮುದ್ದೆ ಒಂದು ಕಡಿಮೆಯಾದರೆ 320, ಎರಡೆರಡು ಚಮಚ ಸಕ್ಕರೆಯ ನಾಲ್ಕು ಟೀಗೆ ಸಕ್ಕರೆ ಬಿಟ್ಟರೆ 160, ಒಂದು ದೊಡ್ಡ ಚಮಚ ಎಣ್ಣೆಗೆ 120. ರಾಗಿ ಒಳ್ಳೆಯದು ನಿಜ, ಹಾಗಂತ ಎರಡು ಮುದ್ದೆ ನುಂಗಿದರೆ ತೂಕ ಇಳಿಯುವುದಿಲ್ಲ. ಒಂದು ಮುದ್ದೆ ಹೋದ ಜಾಗಕ್ಕೆ ಸೊಪ್ಪಿನ ಪಲ್ಯ, ಹುರುಳಿ ಸಾರು ಬರಲಿ. ದಿನವಿಡೀ ಗುದ್ದಲಿ ಹಿಡಿಯುವವನಿಗೆ ಈ ಕಡಿತ ಬೇಡ. ಇದು ಬೈಕು, ಕಟ್ಟೆ, ಅಂಗಡಿಯವರಿಗೆ. ರಾತ್ರಿ 90 ಎಂ.ಎಲ್. ವಿಸ್ಕಿ ಹಾಕುವವರಿಗೆ ಅದರಲ್ಲೇ 200 ಇದೆ ಅಂತ ಹೇಳು, ಬೋಂಡದ್ದು ಬೇರೆ. ಸಾರಿಗೆ ಎಣ್ಣೆ ಸುರಿಯುವ ಕೈ ಅಡುಗೆಮನೆಯದು, ಆದ್ದರಿಂದ ಊಟದ ಮಾತಿನ ದಿನ ಮನೆಯ ಹೆಂಗಸರನ್ನೂ ಕರೆ.

12 ವಾರ ಮುಗಿದ ಮೇಲೆ ಇಲ್ಲಿ ಆರು ಇಮೇಲು, ಒಮ್ಮೆ ಎಲ್ಲರೂ ಮತ್ತೆ ಸೇರುವುದು, ಇಷ್ಟೇ. ಮೂರೂವರೆ ವರ್ಷಕ್ಕೆ ನೋಡಿದಾಗ ಸ್ವಲ್ಪ ತೂಕ ಮರಳಿತ್ತು, ಆದರೂ ಆರಂಭಕ್ಕಿಂತ ಸುಮಾರು 2.9 ಕಿಲೊ ಕಡಿಮೆಯೇ. ನೀನು ವಾಟ್ಸಾಪ್ ಗುಂಪು ಇಟ್ಟುಕೋ, ಗುಡ್ ಮಾರ್ನಿಂಗ್ ಹೂವಿಗಲ್ಲ, ಹೆಜ್ಜೆ ಲೆಕ್ಕಕ್ಕೆ.

ಎಷ್ಟು ಜನ ಹೆಸರು ಕೊಟ್ಟರು ಬರಿ. 30 ದಾಟಿದರೆ ಎರಡು ಗುಂಪು ಮಾಡು.

ನಿನ್ನ ಅಣ್ಣ