ಹೆಬ್ಬೆರಳಿಗೆ ಫೋಕಸ್ ಒಪ್ಪಿಸಿದವರಿಗೆ

ರಂಗನತಿಟ್ಟಿನ ದೋಣಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ, ಹೆಸರು ಕೇಳುವುದನ್ನೂ ನಾನು ಮರೆತುಬಿಟ್ಟ ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳು. ಶಟರ್ ಗುಂಡಿಯನ್ನು ಅರ್ಧ ಒತ್ತಿದಾಗಲೆಲ್ಲ ನನ್ನ ಮಿರರ್‌ಲೆಸ್ ಕ್ಯಾಮೆರಾ ಹಕ್ಕಿಯನ್ನು ಬಿಟ್ಟು ಮುಂದಿನ ಬಿದಿರೆಲೆಗೆ ಫೋಕಸ್ ಮಾಡುತ್ತಿದ್ದುದನ್ನು ಗಮನಿಸಿದ ತಾವು, ಮೆನುವಿನಲ್ಲಿ ಆ ಗುಂಡಿಯಿಂದ ಫೋಕಸ್ ಕೆಲಸವನ್ನು ಬಿಡಿಸಿ, ಹಿಂಬದಿಯಲ್ಲಿ ಹೆಬ್ಬೆರಳಿಗೆ ಸಿಗುವ ಎಎಫ್-ಆನ್ (ಫೋಕಸ್ ಶುರು ಮಾಡುವ) ಗುಂಡಿಗೆ ವಹಿಸಿ, ನಿರಂತರ ಫೋಕಸ್‌ಗೆ ಬದಲಾಯಿಸಿಕೊಟ್ಟಿರಿ. ಹೆಬ್ಬೆರಳು ಒತ್ತಿಹಿಡಿದಷ್ಟು ಹೊತ್ತು ಹಾರುವ ಹಕ್ಕಿಯನ್ನು ಹಿಂಬಾಲಿಸಿ, ಬೆರಳು ತೆಗೆದೊಡನೆ ಇದ್ದ ದೂರದಲ್ಲೇ ನಿಲ್ಲುವ ಏರ್ಪಾಡದು. ಎಲೆಗಳ ಮರೆಯಲ್ಲಿ, ಹಕ್ಕಿಯ ಕಣ್ಣನ್ನು ಕ್ಯಾಮೆರಾ ತಾನೇ ಗುರುತಿಸುವ ಸೌಲಭ್ಯ ದಾರಿ ತಪ್ಪಿದರೆ ಫೋಕಸ್ ಚೌಕಟ್ಟಿನೊಳಗಿನ ಒಂದೇ ಚಿಕ್ಕ ಚೌಕಕ್ಕೆ ಇಳಿಯಲೆಂದು ಮುಂಭಾಗದ ಗುಂಡಿಯನ್ನೂ ಹೊಂದಿಸಿದಿರಿ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು, ನಿಜ ಹೇಳಬೇಕೆಂದರೆ, ಇದೇ. ಮೊದಲ ಅರ್ಧ ಗಂಟೆ ಬೆರಳುಗಳು ಹಳೆಯ ಚಾಳಿ ಬಿಡದೆ ಹತ್ತಾರು ಚಿತ್ರಗಳನ್ನು ಕೆಡಿಸಿದವು. ಆಮೇಲೆ ಮೀನು ಕಚ್ಚಿಕೊಂಡು ಬಂಡೆಗೆ ಇಳಿದ ರಿವರ್ ಟರ್ನ್ ಹಕ್ಕಿಯ ಕಣ್ಣು ಸ್ಫುಟವಾಗಿ ಮೂಡಿತು; ಆ ಚಿತ್ರ ತಮಗೆ ಸಲ್ಲಬೇಕು.