ಕತ್ತಿನ ಲಟಿಕೆ ಬೇಡ

ಮಾನ್ಯರೇ,

ಬೆನ್ನು, ಕತ್ತಿನ ಲಟಿಕೆ ತೆಗೆಯುವ ಕೈರೊಪ್ರಾಕ್ಟಿಕ್ ವಿಡಿಯೊಗಳನ್ನು ಈಗ ಜನ ಜಾಸ್ತಿ ನೋಡುತ್ತಿದ್ದಾರೆ. ಇದರ ಹಿನ್ನೆಲೆಯನ್ನೂ ತಿಳಿಯಬೇಕು.

ಇದು ಶುರುವಾಗಿದ್ದು 1895ರಲ್ಲಿ, ಅಮೆರಿಕದ ಡ್ಯಾವನ್‌ಪೋರ್ಟ್ ಊರಿನಲ್ಲಿ. ಹಾರ್ವೆ ಲಿಲ್ಲರ್ಡ್ ಎಂಬ ಕೆಲಸಗಾರನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಈ ಪದ್ಧತಿ ಶುರುಮಾಡಿದ ಡಿ.ಡಿ. ಪಾಮರ್ ಅವನ ಬೆನ್ನುಮೂಳೆ ಒತ್ತಿದರು, ಕಿವಿ ಕೇಳಿಸಿತು ಎಂದರು. ಆದರೆ ಕಿವಿಯ ನರ ಬೆನ್ನಿನ ಮೂಲಕ ಹೋಗುವುದೇ ಇಲ್ಲ ಅಲ್ವಾ? ಬಹುಪಾಲು ಕಾಯಿಲೆಗೆ ಮೂಳೆ ಜರುಗುವುದೇ ಕಾರಣ ಎಂಬ ಅವರ ಮಾತಿಗೂ ಪುರಾವೆ ಸಿಕ್ಕಿಲ್ಲ.

ಹಾಗಂತ ಸುಮ್ನೆ ತಳ್ಳಿಹಾಕುವಂತೆಯೂ ಇಲ್ಲ. ಸೊಂಟನೋವಿಗೆ ಇದರಿಂದ ಸ್ವಲ್ಪ ಆರಾಮ ಸಿಗುತ್ತದೆ, ಹೆಚ್ಚುಕಡಿಮೆ ವ್ಯಾಯಾಮದಷ್ಟೇ. ಆ ಲಟಲಟ ಸದ್ದು ಕೀಲಿನ ದ್ರವದೊಳಗಿನ ಅನಿಲದ್ದು, ಮೂಳೆ ಜಾಗಕ್ಕೆ ಕೂತಿದ್ದಲ್ಲ.

ನನ್ನ ಆತಂಕ ಕತ್ತಿನದು. ಕತ್ತನ್ನು ಥಟ್ಟನೆ ತಿರುಗಿಸಿದಾಗ ಮಿದುಳಿಗೆ ರಕ್ತ ಒಯ್ಯುವ ನಾಳ ಹರಿದು ಲಕ್ವ ಹೊಡೆದ ಪ್ರಕರಣಗಳಿವೆ. ಅಪರೂಪ, ಆದರೂ ಇವೆ. ಸಲೂನುಗಳಲ್ಲೂ ಕ್ಷೌರ ಮುಗಿದ ಮೇಲೆ ಗಲ್ಲ ಹಿಡಿದು ಹೀಗೇ ತಿರುಗಿಸುತ್ತಾರೆ. ದಯವಿಟ್ಟು ಬೇಡ ಎನ್ನಿ. ಅಮೆರಿಕದಲ್ಲಿ ಕೈರೊಪ್ರಾಕ್ಟರ್‌ಗಳಿಗೆ ಪರವಾನಗಿ ಕಡ್ಡಾಯ. ನಮ್ಮ ಆರೋಗ್ಯ ಇಲಾಖೆಯೂ ಇಂಥ ಕೇಂದ್ರಗಳಲ್ಲಿ ಯಾರು ಏನು ಓದಿ ಬಂದಿದ್ದಾರೆ ಎಂದು ಪರಿಶೀಲಿಸಲಿ.

– ಒಬ್ಬ ಓದುಗ, ದಾವಣಗೆರೆ