ಅವಳು ಕಾಣದ ಎರಡು ನಿಮಿಷ

ಪ್ರೀತಿಯ ಗೆಳೆಯ,

ಫಿಟ್ಸ್ ಇರುವ ಹುಡುಗಿಯೊಬ್ಬಳು ತನ್ನ ಹುಡುಗನ ಜೊತೆ ಕಾರಿನಲ್ಲಿ ಓಡಿಹೋಗುವ ನಿನ್ನ ಸಿನಿಮಾದ ಸ್ಕ್ರಿಪ್ಟ್ ಓದಿದೆ. ಎರಡು ಸಲ. ಮೊದಲ ಸಲ ರಾತ್ರಿ ಕೂತು ಒಂದೇ ಉಸಿರಿಗೆ ಓದಿದೆ, ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ. ಪೆನ್ಸಿಲ್ ಸ್ವಲ್ಪ ಜಾಸ್ತಿಯೇ ಸವೆಯಿತು, ಬೇಜಾರು ಮಾಡಿಕೊಳ್ಳಬೇಡ.

ಹಿಡಿಸಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಇಬ್ಬರೂ ಮನೆ ಬಿಟ್ಟು ಹೊರಡುವ ಮೊದಲ 15 ಪುಟ ಬಹಳ ಚೆನ್ನಾಗಿದೆ. ಯಾಕೆ ಹೊರಟೆವು ಅಂತ ಯಾರೂ ಭಾಷಣ ಮಾಡುವುದಿಲ್ಲ. ಕಾರಿನ ಹಿಂದಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಅದಕ್ಕೆ ಹಗ್ಗ ಕಟ್ಟುತ್ತಾರೆ, ಹೊರಡುತ್ತಾರೆ. ಅಷ್ಟೇ. ಕೈಯಲ್ಲಿ ದುಡ್ಡಿಲ್ಲದೆ ಸಿನಿಮಾ ಮಾಡುವವನಿಗೆ ಒಂದು ಹಳೇ ಕಾರು, ಇಬ್ಬರು ನಟರು, ಉದ್ದದ ಒಂದು ದಾರಿ ಸಿಕ್ಕರೆ ಅದೇ ಆಸ್ತಿ.

ನನ್ನ ತಕರಾರು ಇರುವುದು ಹುಡುಗಿಯ ಫಿಟ್ಸ್ ಬಗ್ಗೆ. 110 ಪುಟದಲ್ಲಿ ಅದು ತಲೆ ಹಾಕುವುದು ಮೂರೇ ಸಲ. ಶುರುವಿನಲ್ಲಿ ಒಂದು ಸುಳಿವು, ನಡುವೆ ಒಂದು ಗಾಬರಿ, ಕೊನೆಗೆ ಮಳೆಯಲ್ಲಿ ಕ್ಲೈಮ್ಯಾಕ್ಸ್. ಉಳಿದ ಹೊತ್ತೆಲ್ಲ ಕಾಯಿಲೆ ಎಲ್ಲಿರುತ್ತದೆ? ಡಿಕ್ಕಿಯಲ್ಲಿ ಮಲಗಿರುತ್ತದಾ?

ಇದನ್ನು ಹೇಳುವ ಹಕ್ಕು ನನಗೆ ಹೇಗೆ ಬಂತು ಅಂದರೆ, ತಪ್ಪು ಮಾಡಿ ಬಂತು. ನನಗೆ 20 ವರ್ಷ ಇದ್ದಾಗ ಜೊತೆಗಿದ್ದ ಗೆಳೆಯನಿಗೆ ಒಂದು ಬೆಳಿಗ್ಗೆ ಫಿಟ್ಸ್ ಬಂತು. ನಾನು ಓಡಿಹೋಗಿ ಸ್ಟೀಲಿನ ಚಮಚ ತಂದು ಅವನ ಹಲ್ಲಿನ ನಡುವೆ ತುರುಕಿದೆ. ನಾಲಿಗೆ ನುಂಗಿಬಿಡುತ್ತಾನೆ ಅಂತ ಯಾರೋ ಹೇಳಿದ್ದು ತಲೆಯಲ್ಲಿತ್ತು. ಅದು ಶುದ್ಧ ಸುಳ್ಳು, ನಾಲಿಗೆಯನ್ನು ಯಾರೂ ನುಂಗಲು ಆಗುವುದಿಲ್ಲ. ಅವನ ಮುಂದಿನ ಹಲ್ಲು ಮುರಿಯಿತು. ಎಚ್ಚರವಾದಾಗ ಅವನು ಮೊದಲು ಹಲ್ಲು ಮುಟ್ಟಿ ನೋಡಿಕೊಂಡ, ಆಮೇಲೆ ನನ್ನ ಕೈಲಿದ್ದ ಚಮಚ ನೋಡಿದ. ಬೈಯಲಿಲ್ಲ. 'ಎಷ್ಟು ಹೊತ್ತು?' ಅಂತಷ್ಟೇ ಕೇಳಿದ. ನನಗೆ ಗೊತ್ತಿರಲಿಲ್ಲ. ಗಡಿಯಾರ ನೋಡುವ ಬುದ್ಧಿಯೇ ಬಂದಿರಲಿಲ್ಲ.

ಆಮೇಲೆ ಅವನ ಜೊತೆ ಎರಡು ವರ್ಷ ಇದ್ದೆ. ಅವನಿಗೆ ದೊಡ್ಡ ಫಿಟ್ಸ್ ಬಂದದ್ದು ಇನ್ನೊಂದೇ ಸಲ. ಆದರೆ ಕಾಯಿಲೆ ದಿನಾ ಇತ್ತು. ಬೆಳಿಗ್ಗೆ ಎದ್ದ ಅರ್ಧ ಗಂಟೆಯಲ್ಲಿ ಅವನ ಕೈ ತಟಕ್ಕನೆ ಎಗರುತ್ತಿತ್ತು. ಬ್ರಷ್ ಹಾರುತ್ತಿತ್ತು. ಒಮ್ಮೆ ತುಂಬಿದ ಲೋಟ ಗೋಡೆಗೆ ಹೋಗಿ ಬಡಿಯಿತು. ಆ ಹೊತ್ತಿನಲ್ಲಿ ಅವನಿಗೆ ಪೂರ್ತಿ ಎಚ್ಚರ ಇರುತ್ತಿತ್ತು, ನಗುತ್ತಲೂ ಇದ್ದ. ಫಿಟ್ಸ್ ಕಾಯಿಲೆಯ ಈ ಬಗೆಗೊಂದು ಉದ್ದದ ಹೆಸರಿದೆ: ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ. ಸಾಮಾನ್ಯವಾಗಿ ಶುರುವಾಗುವುದು 12ರಿಂದ 18ರ ವಯಸ್ಸಿನಲ್ಲಿ. ಎಷ್ಟೋ ಮನೆಗಳಲ್ಲಿ ಮೊದಮೊದಲು ಅದನ್ನು ಕಾಯಿಲೆ ಅಂತಲೇ ತಿಳಿಯುವುದಿಲ್ಲ, ಕೈಜಾರು ಹುಡುಗಿ ಅಂತ ಬೈದು ಸುಮ್ಮನಾಗುತ್ತಾರೆ. ನಿನ್ನ ನಾಯಕಿಗೆ 19. ಅವಳಿಗೆ ಇದನ್ನೇ ಕೊಡು ಅನ್ನುತ್ತೇನೆ. ಯಾಕೆ ಅಂದರೆ ಈ ಕಾಯಿಲೆಯನ್ನು ಕೆಣಕುವುದು ಮುಖ್ಯವಾಗಿ ನಿದ್ದೆಗೇಡು, ಕುಡಿತ, ತಪ್ಪಿಹೋದ ಮಾತ್ರೆ. ಈ ಮೂರೂ ಇಲ್ಲದ ರೋಡ್ ಟ್ರಿಪ್ ಎಲ್ಲಾದರೂ ಇದೆಯಾ? ದಾರಿಯೇ ಅವಳಿಗೆ ಎದುರಾಳಿ. ನೀನು ಬೇರೆ ವಿಲನ್ ಹುಡುಕಬೇಕಾಗಿಲ್ಲ. (ಆ ಪೊಲೀಸ್ ಅಧಿಕಾರಿಯ ಪಾತ್ರ ತೆಗೆದುಹಾಕು. ದಯವಿಟ್ಟು.)

ಈಗ ಸ್ಟೀರಿಂಗ್ ಯಾರ ಕೈಲಿ ಅನ್ನುವುದನ್ನು ನೋಡು. ನಿನ್ನ ಸ್ಕ್ರಿಪ್ಟ್‌ನಲ್ಲಿ ಇಬ್ಬರೂ ಸರದಿಯಲ್ಲಿ ಓಡಿಸುತ್ತಾರೆ. ಫಿಟ್ಸ್ ಇರುವವರಿಗೆ ಇದು ಅಷ್ಟು ಸಲೀಸಲ್ಲ. ಇಷ್ಟು ಕಾಲ ಫಿಟ್ಸ್ ಬರದೇ ಇದ್ದರೆ ಮಾತ್ರ ಲೈಸೆನ್ಸ್ ಅಂತ ಎಷ್ಟೋ ದೇಶಗಳಲ್ಲಿ ಕಾನೂನಿದೆ. ಕೆಲವು ಕಡೆ ಆರು ತಿಂಗಳು, ಕೆಲವು ಕಡೆ ವರ್ಷ, ಇನ್ನು ಕೆಲವು ಕಡೆ ಅದಕ್ಕೂ ಜಾಸ್ತಿ. ಅಂದರೆ ಸಾವಿರಾರು ಕಿಲೋಮೀಟರ್ ಅವಳು ಪಕ್ಕದ ಸೀಟಿನಲ್ಲೇ ಕೂರಬೇಕು. ಓಡಿಹೋಗಬೇಕು ಅಂತ ಹಟ ಹಿಡಿದವಳು ಅವಳು, ಓಡಿಸುವವನು ಅವನು. ಅವನು ನಿದ್ದೆ ಬಂತು ಅಂದರೆ ನಿಲ್ಲಿಸಲೇಬೇಕು. ಅವನು ಮುನಿಸಿಕೊಂಡರೆ ಅವಳ ಪಯಣವೂ ನಿಂತಿತು. ಪ್ರೀತಿಯಲ್ಲಿ ಇಷ್ಟು ಅಸಮ ತೂಕ ಇದ್ದಾಗ ಡೈಲಾಗ್ ತಾನಾಗಿ ಬರುತ್ತದೆ, ನೀನು ಕಷ್ಟಪಡಬೇಕಾಗಿಲ್ಲ.

64ನೇ ಪುಟದಲ್ಲಿ ಅವಳು ಮಾತ್ರೆಗಳನ್ನೆಲ್ಲ ಕಿಟಕಿಯಿಂದ ಆಚೆ ಎಸೆಯುತ್ತಾಳೆ. ಹಿನ್ನೆಲೆಯಲ್ಲಿ ಗಿಟಾರ್. ಆಮೇಲೆ ಎರಡು ವಾರ ಅವಳಿಗೆ ಏನೂ ಆಗುವುದಿಲ್ಲ, ಅಂದರೆ ಪ್ರೀತಿಯೇ ಔಷಧಿ ಅಂತಾಯಿತು. ಇದನ್ನು ಓದಿ ನನಗೆ ಸಿಟ್ಟು ಬಂತು ಕಣೋ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೆ ಒಂದು ಬರಬಹುದು, ಜೀವಕ್ಕೇ ಕುತ್ತಾಗಬಹುದು. ನಿನ್ನ ಸಿನಿಮಾ ನೋಡುವ ಯಾವುದೋ 17ರ ಹುಡುಗಿಯ ಬ್ಯಾಗಿನಲ್ಲೂ ಅದೇ ಮಾತ್ರೆ ಇರುತ್ತದೆ.

ಮಾತ್ರೆಯಲ್ಲಿ ಬೇರೆಯದೇ ಕಥೆ ಇದೆ, ಅದನ್ನು ತೆಗೆದುಕೋ. ವ್ಯಾಲ್ಪ್ರೋಯೇಟ್ ಅನ್ನುವ ಮಾತ್ರೆ ಈ ಕಾಯಿಲೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬಸಿರಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಅಂತ ಅವಳ ವಯಸ್ಸಿನವರಿಗೆ ಕೊಡಲು ಡಾಕ್ಟರುಗಳು ಹಿಂಜರಿಯುತ್ತಾರೆ. ಬದಲಿಗೆ ಲೆವೆಟಿರಾಸಿಟಮ್ ಅನ್ನುವ ಇನ್ನೊಂದು ಮಾತ್ರೆ ಕೊಡುವುದುಂಟು. ಅದು ಕೆಲವರಲ್ಲಿ ಸಿಡಿಮಿಡಿ ತರುತ್ತದೆ. ಈಗ ಇಬ್ಬರೂ ಜಗಳ ಆಡಲಿ. ಅವನು ಸೋಲುವ ಹೊತ್ತಿಗೆ 'ಇದು ನೀನು ಮಾತಾಡುತ್ತಿಲ್ಲ, ನಿನ್ನ ಮಾತ್ರೆ ಮಾತಾಡುತ್ತಿದೆ' ಅಂದುಬಿಡಲಿ. ಅದಕ್ಕಿಂತ ಕ್ರೂರವಾದ ಮಾತು ಇಡೀ ಸ್ಕ್ರಿಪ್ಟ್‌ನಲ್ಲಿ ಇನ್ನೊಂದು ಇರಲಾರದು. ಅವಳಿಗೂ ಒಳಗೊಳಗೇ ಅದೇ ಅನುಮಾನ ಇರುತ್ತದೆ, ಅಲ್ವಾ? ಈ ಸಿಟ್ಟು ನನ್ನದಾ, ಮಾತ್ರೆಯದಾ?

ಇಬ್ಬರೂ ಎಲ್ಲರಿಂದ ಹೊರಗುಳಿದವರು ಅಂತ ತೋರಿಸಲು ನೀನು ಕೂದಲಿಗೆ ಬಣ್ಣ ಹಾಕಿಸಿದ್ದೀಯ, ಹಚ್ಚೆ ಹಾಕಿಸಿದ್ದೀಯ. ಬೇಡ. ಒಂದು ಚಿಲಕ ಸಾಕು. ಫಿಟ್ಸ್ ಇರುವವರಿಗೆ ಬಚ್ಚಲಿನ ಬಾಗಿಲು ಒಳಗಿಂದ ಹಾಕಬೇಡ ಅಂತ ಹೇಳುತ್ತಾರೆ, ಬಿದ್ದರೆ ಒಳಗೆ ಬರಲು ಆಗಬೇಕಲ್ಲ. ಬುದ್ಧಿವಾದ ಸರಿಯೇ. ಆದರೆ 13ನೇ ವಯಸ್ಸಿನಿಂದ ಒಮ್ಮೆಯೂ ಬಾಗಿಲು ಹಾಕಿಕೊಂಡು ಸ್ನಾನ ಮಾಡದ ಹುಡುಗಿಯನ್ನು ಊಹಿಸಿಕೋ. ಪಯಣದ ಮೊದಲ ದಿನ ರಾತ್ರಿ ಲಾಡ್ಜಿನಲ್ಲಿ ಅವಳು ಚಿಲಕ ಹಾಕುತ್ತಾಳೆ. ಸದ್ದು ಕೇಳಲಿ. ಒಳಗೆ ನೀರು ಬೀಳುತ್ತಿದೆ. ಹೊರಗೆ ಅವನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಾನೆ, ನೀರಿನ ಸದ್ದನ್ನೇ ಆಲಿಸುತ್ತಿದ್ದಾನೆ. ಕರೆಯುವ ಹಾಗಿಲ್ಲ, ಕರೆದರೆ ಮನೆಯವರಿಗೂ ಅವನಿಗೂ ಏನು ವ್ಯತ್ಯಾಸ? ಆ ಸೀನ್‌ಗೆ ಮಾತು ಬರೆದರೆ ನಾನು ನಿನ್ನ ಜೊತೆ ಮಾತು ಬಿಡುತ್ತೇನೆ.

ಇನ್ನು ದೊಡ್ಡ ಫಿಟ್ಸ್. ಅದು ಒಂದೇ ಸಲ ಬರಲಿ, ಮಧ್ಯದಲ್ಲಿ ಬರಲಿ, ಬೆಳಿಗ್ಗೆ ಬರಲಿ. ಹಿಂದಿನ ರಾತ್ರಿ ನಿದ್ದೆಗೆಟ್ಟು ನಕ್ಕಿರಲಿ. ನಟಿಯ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡ. ಎಂಥ ಒಳ್ಳೆ ನಟಿಯಾದರೂ ಅದು ನಾಟಕದ ಹಾಗೆ ಕಾಣುತ್ತದೆ, ನೋಡುವವರಿಗೆ ಅವಳು ಒಂದು ಪ್ರದರ್ಶನ ಆಗಿಬಿಡುತ್ತಾಳೆ. ಕ್ಯಾಮೆರಾ ಅವನ ಮೇಲಿರಲಿ. ಅವನು ಹಿಡಿದು ಅದುಮುವುದಿಲ್ಲ, ಬಾಯಿಗೆ ಏನೂ ಹಾಕುವುದಿಲ್ಲ. ತಲೆಯ ಕೆಳಗೆ ತನ್ನ ಅಂಗಿ ಮಡಿಸಿ ಇಡುತ್ತಾನೆ, ಗಡಿಯಾರ ನೋಡುತ್ತಾನೆ. 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು ಅಂತ ಅವಳೇ ಮೊದಲ ದಿನ ಹೇಳಿರಲಿ. ಹೆಚ್ಚಿನವು ಅಷ್ಟರೊಳಗೆ ತಾವಾಗಿ ನಿಲ್ಲುತ್ತವೆ. ಇದೂ ಎರಡು ನಿಮಿಷಕ್ಕೆ ನಿಂತಿತು ಅಂತಿಟ್ಟುಕೋ. ಅವಳನ್ನು ಮಗ್ಗುಲಿಗೆ ತಿರುಗಿಸುತ್ತಾನೆ, ಪಕ್ಕದಲ್ಲೇ ಕೂರುತ್ತಾನೆ. ಆ ಎರಡು ನಿಮಿಷವನ್ನು ತೆರೆಯ ಮೇಲೆ ಪೂರ್ತಿ ಎರಡು ನಿಮಿಷ ಇಡುವ ಧೈರ್ಯ ನಿನಗಿದೆಯಾ? ಎಡಿಟರ್ ಕತ್ತರಿಸು ಅನ್ನುತ್ತಾನೆ. ಒಪ್ಪಬೇಡ.

ನಿನ್ನ ಸ್ಕ್ರಿಪ್ಟ್ ಅಲ್ಲಿಂದ ನೇರ ಆಸ್ಪತ್ರೆಗೆ ಹಾರುತ್ತದೆ. ಪ್ರೇಮಕಥೆ ಶುರುವಾಗುವುದೇ ಅಲ್ಲಿ, ನೀನು ಅದನ್ನೇ ಬಿಟ್ಟಿದ್ದೀಯ! ನಮ್ಮ ಹಳೇ ಪದ ಅಪಸ್ಮಾರ ಇದೆಯಲ್ಲ, ಅದರ ಒಳಗೇ ಸ್ಮರಣೆ ತಪ್ಪುವ ಅರ್ಥ ಇದೆ. ಅವಳು ತನ್ನ ಫಿಟ್ಸ್ ಅನ್ನು ಯಾವತ್ತೂ ನೋಡಿಲ್ಲ, ನೋಡಲು ಆಗುವುದೂ ಇಲ್ಲ. ಕಣ್ಣು ಬಿಟ್ಟಾಗ ತಲೆನೋವು, ಮೈಯೆಲ್ಲ ನೋವು, ಕಚ್ಚಿಕೊಂಡ ನಾಲಿಗೆ, ಸುತ್ತ ನಿಂತವರ ಮುಖದಲ್ಲಿ ಏನೋ ಒಂದು. ಅವಳ ಬದುಕಿನ ಆ ಎರಡು ನಿಮಿಷ ಅವಳ ಹತ್ತಿರ ಇಲ್ಲ, ಅವನ ಹತ್ತಿರ ಇದೆ. ಅವಳು ಕೇಳುತ್ತಾಳೆ: 'ನಾನು ಹೇಗೆ ಕಾಣ್ತಿದ್ದೆ?' ಮನೆಯಲ್ಲಿ ಎಲ್ಲರೂ 'ಏನೂ ಇಲ್ಲ, ಮಲಗು' ಅನ್ನುತ್ತಿದ್ದರು. ಇವನು ಏನು ಹೇಳುತ್ತಾನೆ? ಇದ್ದದ್ದನ್ನು ಇದ್ದ ಹಾಗೆ, ಸದ್ದಿನ ಸಮೇತ ಹೇಳುತ್ತಾನಾ? ಎಲ್ಲಿ ತಡೆಯುತ್ತಾನೆ? ಅವಳು ಎಲ್ಲಿ ನಗುತ್ತಾಳೆ?

ನನ್ನ ಗೆಳೆಯ ಅವತ್ತು ಸಂಜೆ ಇದನ್ನೇ ಕೇಳಿದ. ನಾನು ಏನೂ ಇಲ್ಲ ಅಂದೆ.

ಆ ಸೀನ್ ಮೊದಲು ಬರೆದು ಕಳಿಸು. ಪೂರ್ತಿ ಸ್ಕ್ರಿಪ್ಟ್ ತಿದ್ದುವ ತನಕ ಕಾಯಬೇಡ, ಎರಡು ಪುಟ ಆದರೂ ಸಾಕು. ಕಾರಿನ ಬಾಗಿಲಿಗೆ ಕಟ್ಟಿದ ಹಗ್ಗ ಮಾತ್ರ ಕೊನೆಯವರೆಗೂ ಇರಲಿ.

ನಿನ್ನ,
ಪೆನ್ಸಿಲ್ ಸವೆಸಿದವನು